ನೋಂದಣಿಯಿಂದ ಮೊದಲ ಡ್ಯೂಟಿಯವರೆಗೆ: ಔಷಧ ಲೆಕ್ಕವನ್ನು ಕೇಂದ್ರದಲ್ಲಿಟ್ಟ ಅಧ್ಯಯನ ಟಿಪ್ಪಣಿ

ನರ್ಸಿಂಗ್ ಕೊನೆಯ ವರ್ಷದಲ್ಲಿರುವ ಕಿರಿಯರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ, "ಲೈಸೆನ್ಸ್‌ಗೆ ಯಾವ ಪರೀಕ್ಷೆ ಬರೆಯಬೇಕು ಅಕ್ಕಾ?" ಎಂಬುದು. ಅಮೆರಿಕದಲ್ಲಾದರೆ ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ನೋಂದಾಯಿತ ನರ್ಸ್ ಆಗಲು ಬರುವುದಿಲ್ಲ. ನಮ್ಮಲ್ಲಿ ನಡೆದುಬಂದಿರುವ ಪದ್ಧತಿ ಬೇರೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಆಗಲಿ, ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಆಗಲಿ, ಮುಗಿಸಿದವರು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಆಗಿ ಹೆಸರು ನೋಂದಾಯಿಸಿಕೊಂಡರೆ ಅದೇ ಪರವಾನಗಿ. ಪರೀಕ್ಷೆ ಇಲ್ಲದ ಕಾರಣಕ್ಕೆ ಇದು ನಿಧಾನವಾಗಿ ಮಾಡಿದರೂ ಆಗುವ ಕಾಗದದ ಕೆಲಸ ಎಂದು ಹಲವರು ಭಾವಿಸುತ್ತಾರೆ. ಆದರೆ ನೋಂದಣಿ ಸಂಖ್ಯೆ ಇಲ್ಲದೆ ಸರ್ಕಾರಿ ನೇಮಕಾತಿಯ ಅರ್ಜಿಯೂ ಮುಂದಕ್ಕೆ ಹೋಗುವುದಿಲ್ಲ, ಒಳ್ಳೆಯ ಖಾಸಗಿ ಆಸ್ಪತ್ರೆಯ ನೇಮಕಾತಿಯೂ ಆಗುವುದಿಲ್ಲ.

ಇಲ್ಲಿ ನನ್ನ ಅನುಭವದ ಒಂದು ಮಾತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ ತಂದೆಯ ಹೆಸರಿನ ಇನಿಷಿಯಲ್ ಮಾತ್ರ ಇತ್ತು. ಕಾಲೇಜಿನ ಕಚೇರಿಯವರು ಅದನ್ನು ಬಿಡಿಸಿ ಪೂರ್ತಿ ಹೆಸರಾಗಿ ಬರೆದಿದ್ದರು, ಆಧಾರ್‌ನಲ್ಲಿ ಮೂರನೆಯದೇ ರೂಪವಿತ್ತು. ಇದನ್ನು ನಾನು ಗಮನಿಸಿದ್ದು ಕೋರ್ಸ್ ಮುಗಿದ ಮೇಲೆ. ಅಫಿಡವಿಟ್ ಮಾಡಿಸಿ, ತಿದ್ದುಪಡಿಗೆ ಅಲೆದು, ಎಲ್ಲವನ್ನೂ ಸರಿಪಡಿಸುವಷ್ಟರಲ್ಲಿ ಒಂದು ನೇಮಕಾತಿಯ ಕೊನೆಯ ದಿನಾಂಕ ದಾಟಿಹೋಯಿತು. ಆದ್ದರಿಂದ ಕೊನೆಯ ವರ್ಷದ ಇಂಟರ್ನ್‌ಶಿಪ್ ಆರಂಭವಾಗುವ ಮೊದಲೇ ಎಲ್ಲ ಅಂಕಪಟ್ಟಿಗಳನ್ನೂ ಒಂದೇ ಮೇಜಿನ ಮೇಲೆ ಹರಡಿ, ಹೆಸರು ಮತ್ತು ಹುಟ್ಟಿದ ದಿನಾಂಕವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿಕೊಳ್ಳಿರಿ.

ಸರ್ಕಾರಿ ಕೆಲಸ ಬಯಸುವವರ ಪಾಲಿಗೆ ದೊಡ್ಡ ಬಾಗಿಲು ದೆಹಲಿಯ ಏಮ್ಸ್ ಸಂಸ್ಥೆ 2020ರಿಂದ ನಡೆಸುತ್ತಿರುವ ನಾರ್ಸೆಟ್. ಇದು ಪರವಾನಗಿ ಪರೀಕ್ಷೆಯಲ್ಲ, ದೇಶದ ಏಮ್ಸ್ ಆಸ್ಪತ್ರೆಗಳಿಗೆ ನರ್ಸಿಂಗ್ ಆಫೀಸರ್‌ಗಳನ್ನು ಆರಿಸುವ ನೇಮಕಾತಿ ಪರೀಕ್ಷೆ. ಹುದ್ದೆಯು ಏಳನೆಯ ವೇತನ ಆಯೋಗದ ಏಳನೆಯ ಹಂತದ್ದು, ಆರಂಭದ ಮೂಲ ವೇತನ 44,900 ರೂಪಾಯಿ. ಪೂರ್ವಭಾವಿ ಪರೀಕ್ಷೆಯಲ್ಲಿ 90 ನಿಮಿಷಕ್ಕೆ 100 ಪ್ರಶ್ನೆಗಳಿರುತ್ತವೆ, ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಡಿತವಾಗುತ್ತದೆ. ಬಿ.ಎಸ್ಸಿ. ಮುಗಿಸಿದವರು ನೋಂದಣಿಯಾದ ಕೂಡಲೇ ಬರೆಯಬಹುದು. ಜಿಎನ್‌ಎಂ ಮುಗಿಸಿದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಈ ಒಂದು ನಿಯಮ ತಿಳಿಯದೆ, ಮನೆಗೆ ಹತ್ತಿರ ಎಂಬ ಕಾರಣಕ್ಕೆ ಹದಿನೈದು ಹಾಸಿಗೆಯ ನರ್ಸಿಂಗ್ ಹೋಮ್‌ಗೆ ಸೇರಿದ ಜಿಎನ್‌ಎಂ ಗೆಳತಿಯರ ಎರಡು ವರ್ಷಗಳು ಈ ಲೆಕ್ಕಕ್ಕೆ ಬಾರದೇ ಹೋಗುತ್ತವೆ. ಮೊದಲ ಕೆಲಸ ಆರಿಸುವಾಗಲೇ ಅದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಓದಿನ ವಿಷಯ. ನನ್ನ ದೃಢವಾದ ಅಭಿಪ್ರಾಯವೆಂದರೆ, ಸಾವಿರಾರು ಬಹು ಆಯ್ಕೆ ಪ್ರಶ್ನೆಗಳನ್ನು ಉರುಹೊಡೆಯುವುದಕ್ಕಿಂತ ಮೊದಲು ಔಷಧದ ಲೆಕ್ಕವನ್ನು ಕೈಯಲ್ಲಿ ಬರೆದು ಗಟ್ಟಿಮಾಡಿಕೊಳ್ಳಬೇಕು. ಅದು ಪರೀಕ್ಷೆಯಲ್ಲೂ ಬರುತ್ತದೆ, ಸಂದರ್ಶನದಲ್ಲೂ ಬರುತ್ತದೆ, ನೈಟ್ ಡ್ಯೂಟಿಯಲ್ಲಿ ಒಬ್ಬರೇ ಇದ್ದಾಗಲೂ ಬರುತ್ತದೆ.

ಸುಲಭದ್ದರಿಂದ ಆರಂಭಿಸೋಣ. ಒಂದು ಲೀಟರ್ ನಾರ್ಮಲ್ ಸಲೈನ್ ಎಂಟು ಗಂಟೆಯಲ್ಲಿ ಹೋಗಬೇಕು, ಐವಿ ಸೆಟ್ (ರಕ್ತನಾಳಕ್ಕೆ ದ್ರವ ಹನಿಸುವ ನಳಿಕೆ) ಒಂದು ಮಿಲಿಲೀಟರ್‌ಗೆ 20 ಹನಿಯದ್ದು. 1000ವನ್ನು 20ರಿಂದ ಗುಣಿಸಿ, ಎಂಟು ಗಂಟೆಯ 480 ನಿಮಿಷದಿಂದ ಭಾಗಿಸಿದರೆ ಸುಮಾರು 41.7 ಬರುತ್ತದೆ, ಅಂದರೆ ನಿಮಿಷಕ್ಕೆ 42 ಹನಿ. ಮಕ್ಕಳ ವಾರ್ಡಿನ ಮೈಕ್ರೋ ಡ್ರಿಪ್ ಸೆಟ್ ಮಿಲಿಲೀಟರ್‌ಗೆ 60 ಹನಿಯದ್ದಾದ್ದರಿಂದ ಗಂಟೆಗೆ ಎಷ್ಟು ಮಿಲಿಲೀಟರ್ ಹೋಗಬೇಕೋ ನಿಮಿಷಕ್ಕೆ ಅಷ್ಟೇ ಹನಿ. ಏಕೆಂದರೆ ಗಂಟೆಯ 60 ನಿಮಿಷವೂ ಸೆಟ್ಟಿನ 60 ಹನಿಯೂ ಪರಸ್ಪರ ಹೊಡೆದುಹೋಗುತ್ತವೆ.

ಐಸಿಯು ಲೆಕ್ಕ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ರಕ್ತದೊತ್ತಡ ಏರಿಸಲು ಕೊಡುವ ಡೋಪಮಿನ್‌ನ ಎರಡು ಆಂಪ್ಯೂಲ್‌ಗಳನ್ನು (ಔಷಧದ ಸಣ್ಣ ಗಾಜಿನ ಶೀಶೆಗಳು, ಒಂದೊಂದರಲ್ಲೂ 5 ಮಿಲಿಲೀಟರ್‌ನಲ್ಲಿ 200 ಮಿಲಿಗ್ರಾಂ) 40 ಮಿಲಿಲೀಟರ್ ಸಲೈನ್‌ಗೆ ಸೇರಿಸಿ 50 ಮಿಲಿಲೀಟರ್ ಸಿರಿಂಜ್ ಪಂಪ್‌ಗೆ ಹಾಕಿದ್ದೇವೆ ಎಂದುಕೊಳ್ಳಿ. 400 ಮಿಲಿಗ್ರಾಂ 50 ಮಿಲಿಲೀಟರ್‌ನಲ್ಲಿದೆ, ಅಂದರೆ ಒಂದು ಮಿಲಿಲೀಟರ್‌ನಲ್ಲಿ 8 ಮಿಲಿಗ್ರಾಂ. ರೋಗಿಯ ತೂಕ 64 ಕಿಲೋ, ಆದೇಶ ನಿಮಿಷಕ್ಕೆ ಪ್ರತಿ ಕಿಲೋಗೆ 5 ಮೈಕ್ರೋಗ್ರಾಂ. 64ನ್ನು 5ರಿಂದ ಗುಣಿಸಿದರೆ ನಿಮಿಷಕ್ಕೆ 320 ಮೈಕ್ರೋಗ್ರಾಂ, ಗಂಟೆಗೆ 19,200 ಮೈಕ್ರೋಗ್ರಾಂ, ಎಂದರೆ 19.2 ಮಿಲಿಗ್ರಾಂ. ಅದನ್ನು 8ರಿಂದ ಭಾಗಿಸಿದರೆ ಪಂಪ್‌ನಲ್ಲಿ ಇಡಬೇಕಾದದ್ದು ಗಂಟೆಗೆ 2.4 ಮಿಲಿಲೀಟರ್. ದಶಮಾಂಶ ಬಿಂದು ಒಂದು ಸ್ಥಾನ ಜಾರಿದರೆ ಅದು 24 ಆಗುತ್ತದೆ, ಹತ್ತು ಪಟ್ಟು ಔಷಧ ಹೋಗುತ್ತದೆ.

ಹೆರಿಗೆ ವಾರ್ಡಿನಲ್ಲಿ, ರಕ್ತದೊತ್ತಡ ಏರಿದ ಗರ್ಭಿಣಿಯರಿಗೆ ಫಿಟ್ಸ್ ಬಾರದಂತೆ ಕೊಡುವ ಮ್ಯಾಗ್ನೀಷಿಯಂ ಸಲ್ಫೇಟ್ ಕೂಡ ಹೀಗೆಯೇ. ಶೇಕಡಾ 50ರ 2 ಮಿಲಿಲೀಟರ್ ಆಂಪ್ಯೂಲ್‌ನಲ್ಲಿ 1 ಗ್ರಾಂ ಇರುತ್ತದೆ. ಪ್ರಿಚರ್ಡ್ ಎಂಬ ಡೋಸ್ ಕ್ರಮದಲ್ಲಿ ರಕ್ತನಾಳಕ್ಕೆ ಮೊದಲು ಕೊಡುವ 4 ಗ್ರಾಂಗೆ ನಾಲ್ಕು ಆಂಪ್ಯೂಲ್‌ಗಳ 8 ಮಿಲಿಲೀಟರ್‌ಗೆ 12 ಮಿಲಿಲೀಟರ್ ಸಲೈನ್ ಸೇರಿಸಿ, ಶೇಕಡಾ 20ರ ದ್ರಾವಣ ಮಾಡಿ ನಿಧಾನವಾಗಿ ಕೊಡುತ್ತಾರೆ. ಅದರೊಂದಿಗೆ ಎರಡೂ ಪೃಷ್ಠಗಳ ಸ್ನಾಯುವಿಗೆ ತಲಾ 5 ಗ್ರಾಂ. ಮುಂದಿನ ಪ್ರತಿ ಡೋಸ್‌ಗೂ ಮೊದಲು ಮಂಡಿಯ ರಿಫ್ಲೆಕ್ಸ್ (ತಟ್ಟಿದಾಗ ಕಾಲು ತಾನಾಗಿ ಚಿಮ್ಮುವುದು) ಇದೆಯೇ, ಉಸಿರಾಟ ನಿಮಿಷಕ್ಕೆ 16ಕ್ಕಿಂತ ಕಡಿಮೆಯಾಗಿಲ್ಲವೇ, ಮೂತ್ರ ಗಂಟೆಗೆ ಕನಿಷ್ಠ 30 ಮಿಲಿಲೀಟರ್ ಬರುತ್ತಿದೆಯೇ ಎಂದು ನೋಡಲೇಬೇಕು. ಈ ಔಷಧ ದೇಹದಿಂದ ಹೊರಹೋಗುವುದು ಮೂತ್ರದ ಮೂಲಕ. ಮೂತ್ರ ಕಡಿಮೆಯಾದರೆ ಅದು ರಕ್ತದಲ್ಲಿ ಏರುತ್ತದೆ, ಏರಿದಾಗ ಮೊದಲು ಹೋಗುವುದು ರಿಫ್ಲೆಕ್ಸ್, ಅನಂತರ ಉಸಿರು. ಈ ಕಾರಣ ತಿಳಿದವರಿಗೆ ಮೂರು ಅಂಶಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ. ಪ್ರತ್ಯೌಷಧವಾದ ಶೇಕಡಾ 10ರ ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿಲಿಲೀಟರ್ ಹಾಸಿಗೆಯ ಬಳಿಯೇ ಸಿದ್ಧವಿರಬೇಕು.

ನನ್ನ ಮೊದಲ ಸಂದರ್ಶನದಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಪ್ರಮಾಣಪತ್ರಗಳನ್ನು ಒಮ್ಮೆ ತಿರುವಿ ನೋಡಿ, ಮೇಜಿನ ಮೇಲೆ ಎರಡು ಇನ್ಸುಲಿನ್ ಸಿರಿಂಜ್ ಇಟ್ಟರು. ಒಂದರ ಮುಚ್ಚಳ ಕೆಂಪು, ಇನ್ನೊಂದರದ್ದು ಕಿತ್ತಳೆ. "ಇಪ್ಪತ್ತು ಯೂನಿಟ್ ಕೊಡಬೇಕಮ್ಮ, ಯಾವುದು ತಗೋತೀಯಾ?" ಎಂದು ಕೇಳಿದರು. ಸರಿಯಾದ ಉತ್ತರ, "ವಯಲ್ ಯಾವುದು ಮೇಡಂ?" ಎಂಬ ಮರುಪ್ರಶ್ನೆ. ವಯಲ್ ಎಂದರೆ ಇನ್ಸುಲಿನ್ ಇರುವ ಶೀಶೆ. ನಮ್ಮಲ್ಲಿ ಮಿಲಿಲೀಟರ್‌ಗೆ 40 ಯೂನಿಟ್‌ನ ವಯಲ್‌ಗಳೂ ಇವೆ, 100 ಯೂನಿಟ್‌ನವೂ ಇವೆ. ಕೆಂಪು ಮುಚ್ಚಳದ ಸಿರಿಂಜ್ 40ರದ್ದು, ಕಿತ್ತಳೆಯದು 100ರದ್ದು. 100ರ ವಯಲ್‌ನಿಂದ ಕೆಂಪು ಸಿರಿಂಜ್‌ನಲ್ಲಿ 20ರ ಗೆರೆಯವರೆಗೆ ಎಳೆದರೆ ಅದು ಅರ್ಧ ಮಿಲಿಲೀಟರ್, ಅಂದರೆ ರೋಗಿಗೆ 50 ಯೂನಿಟ್ ಹೋಗುತ್ತದೆ. 40ರ ವಯಲ್‌ನಿಂದ ಕಿತ್ತಳೆ ಸಿರಿಂಜ್‌ನಲ್ಲಿ ಎಳೆದರೆ ಬರೀ 8 ಯೂನಿಟ್. ವಾರ್ಡಿನಲ್ಲಿ ಒಮ್ಮೆ ಸಿಸ್ಟರ್ ಒಬ್ಬರು ಇದನ್ನೇ ನನ್ನ ಕೈಯಲ್ಲಿ ಎಳೆಸಿ ತೋರಿಸಿದ್ದರಿಂದ ಅಂದು ನಾನು ತಡವರಿಸಲಿಲ್ಲ.

ಕೆಲಸ ಸಿಕ್ಕಿದ ಸಂತೋಷದಲ್ಲಿ ಮೂಲ ಪ್ರಮಾಣಪತ್ರಗಳನ್ನು ಆಸ್ಪತ್ರೆಯ ಕಚೇರಿಗೆ ಒಪ್ಪಿಸಿಬಿಡಬೇಡಿ. ಪರಿಶೀಲನೆಗೆ ತೋರಿಸಿ, ನಕಲನ್ನು ಕೊಟ್ಟು, ಮೂಲವನ್ನು ಹಿಂದಕ್ಕೆ ಪಡೆಯಿರಿ. ಬಾಂಡ್‌ಗೆ (ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಒಪ್ಪಂದಕ್ಕೆ) ಸಹಿ ಕೇಳಿದರೆ ಮನೆಗೆ ತಂದು ಓದಿ, ತಿಳಿದವರೊಬ್ಬರಿಂದಲೂ ಓದಿಸಿ.

ಮೊದಲ ವಾರದ ಡ್ಯೂಟಿಯಲ್ಲಿ ನಿಮ್ಮ ಕೈಗೆ ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್ ಬಂದೇ ಬರುತ್ತದೆ. ಶೇಕಡಾ 15ರ ಆ 10 ಮಿಲಿಲೀಟರ್‌ನಲ್ಲಿ 20 ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ ಇದೆ, ಅದನ್ನು ಸಲೈನ್‌ನಲ್ಲಿ ಬೆರೆಸಿ ತೆಳುಮಾಡದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲಬಹುದು. ಎಷ್ಟೇ ಗಡಿಬಿಡಿಯಿದ್ದರೂ ಆಂಪ್ಯೂಲ್ ಒಡೆಯುವ ಮೊದಲು ಪಕ್ಕದ ಸೀನಿಯರ್ ಸಿಸ್ಟರ್‌ಗೆ ಲೇಬಲ್ ತೋರಿಸಿ, "ಸಿಸ್ಟರ್, ನನ್ನ ಜೊತೆ ಒಂದ್ಸಲ ಚೆಕ್ ಮಾಡಿ" ಎಂದು ಬಾಯಿಬಿಟ್ಟು ಕೇಳಿ, ಅವರು ಓದಿ ಹೇಳುವವರೆಗೂ ಕಾಯಿರಿ.