ಯೂನಿಟ್ ಫ್ರೀ, ಮಾಳಿಗೆ ಬೆಂಕಿ

ಏಪ್ರಿಲ್ ಬಂತೆಂದರೆ ಕಲಬುರಗಿಯ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆದರೆ ಮಧ್ಯಾಹ್ನ 1.30ಕ್ಕೆ ಬಂದ್. ಮೇ ಮುಗಿಯುವವರೆಗೂ ಇದೇ ಪದ್ಧತಿ. ಬಿಸಿಲಿಗೆ ಸರ್ಕಾರವೇ ಶರಣಾಗುವ ಊರು ನಮ್ಮದು. ತಪ್ಪೇನಿಲ್ಲ ಬಿಡಿ, 42–43 ಡಿಗ್ರಿಯಲ್ಲಿ ಯಾರ ತಲೆಯೂ ಓಡುವುದಿಲ್ಲ. ಆದರೆ ಈ ರಿಯಾಯಿತಿಯ ಹಿಂದೆ ಒಂದು ನಂಬಿಕೆ ಇದೆ: ಹೊರಗೆ ಸುಡುತ್ತದೆ, ಮನೆ ಸೇರಿಕೊಂಡರೆ ತಂಪು. ಪತ್ರಾಸಿನ, ಅಂದರೆ ತಗಡು ಹೊದಿಸಿದ ಖೋಲಿಯಲ್ಲಿ ಇರುವವರಿಗೆ ಇದು ಉಲ್ಟಾ. ಮಧ್ಯಾಹ್ನ ಎರಡಕ್ಕೆ ಅವರು ಮನೆ ಬಿಟ್ಟು ಹೊರಗೆ ಬಂದು ಬೇವಿನ ಮರದ ಕೆಳಗೆ ಕೂರುತ್ತಾರೆ.

ಮನೆಯಲ್ಲಿ ನೆಮ್ಮದಿಯಾಗಿ ಇರಲು ಬೇಕಾದಷ್ಟು ಕರೆಂಟ್, ಗ್ಯಾಸ್ ಕೊಳ್ಳಲು ಆಗದ ಸ್ಥಿತಿಯನ್ನು ಇಂಧನ ಬಡತನ ಅನ್ನುತ್ತಾರೆ. ಈ ಚರ್ಚೆ ಬೆಳೆದದ್ದು ಚಳಿ ದೇಶಗಳಲ್ಲಿ. ಬ್ರಿಟನ್ನಿನ ಸಂಶೋಧಕಿ ಬ್ರೆಂಡಾ ಬೋರ್ಡ್‌ಮನ್ 1991ರಲ್ಲಿ ಒಂದು ಅಳತೆ ಕೊಟ್ಟರು. ಮನೆ ಬೆಚ್ಚಗಿಡಲು, ಅಡುಗೆಗೆ, ದೀಪಕ್ಕೆ ಅಂತ ಆದಾಯದಲ್ಲಿ ನೂರಕ್ಕೆ 10 ರೂಪಾಯಿಗಿಂತ ಜಾಸ್ತಿ ಬೇಕಾದರೆ ಆ ಮನೆ ಇಂಧನ ಬಡತನದಲ್ಲಿದೆ. ಈ ಅಳತೆಯನ್ನು ನಮ್ಮ ಬಿಲ್‌ಗಳ ಮೇಲೆ ಇಟ್ಟರೆ ಏನೂ ಕಾಣುವುದಿಲ್ಲ. ಇಲ್ಲಿನ ಬಡವರು ಖರ್ಚೇ ಮಾಡುವುದಿಲ್ಲ, ಝಳ ತಡೆದುಕೊಳ್ಳುತ್ತಾರೆ. ಬಿಲ್ ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ.

ಈಗ ಬಿಲ್ಲೇ ಇಲ್ಲವಲ್ಲ ಅಂತ ನೀವು ಕೇಳಬಹುದು. ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಚಾಲನೆ ಕೊಟ್ಟಿದ್ದು ಕಲಬುರಗಿಯಲ್ಲೇ. 200 ಯೂನಿಟ್ ಫ್ರೀ ಅನ್ನುವುದು ಜನರ ಬಾಯಲ್ಲಿರುವ ಮಾತು. ನಿಯಮ ಬೇರೆ ಇದೆ. 2022–23ರಲ್ಲಿ ನೀವು ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅಷ್ಟು, ಅದರ ಮೇಲೆ ನೂರಕ್ಕೆ 10ರಷ್ಟು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಲ್ಲಿ ಅದನ್ನು 10 ಯೂನಿಟ್ ಅಂತ ಬದಲಿಸಿದರು. ಅಂದರೆ ಆಗ 40 ಯೂನಿಟ್ ಬಳಸಿದ್ದ ಮನೆಗೆ ಈಗ 50 ಫ್ರೀ. ಅದರ ಮೇಲೆ ಬಳಸಿದ್ದಕ್ಕೆ ದುಡ್ಡು ಕೊಡಬೇಕು. ಕೂಲರ್ ಇಟ್ಟುಕೊಂಡು 150 ಯೂನಿಟ್ ಸುಟ್ಟಿದ್ದ ಮನೆಗೆ 165 ಫ್ರೀ. ಆಗ ಉಳಿಸಿದವನಿಗೆ ಈಗ ಕಡಿಮೆ.

50 ಯೂನಿಟ್ ಎಲ್ಲಿಗೆ ಬರುತ್ತದೆ? ಹಳೆಯ ಸೀಲಿಂಗ್ ಫ್ಯಾನ್ ಒಂದು ಸುಮಾರು 75 ವ್ಯಾಟ್ ತಿನ್ನುತ್ತದೆ. ಮೇ ತಿಂಗಳಲ್ಲಿ ದಿನಕ್ಕೆ 20 ತಾಸು ಓಡಿದರೆ ಒಂದೂವರೆ ಯೂನಿಟ್, ತಿಂಗಳಿಗೆ 45. ಒಂದೇ ಫ್ಯಾನಿಗೆ ಕೋಟಾ ಬಹುತೇಕ ಖಾಲಿ. ಅದೇ ಜಾಗದಲ್ಲಿ ಕಡಿಮೆ ಕರೆಂಟ್ ತಿನ್ನುವ ಹೊಸ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ 30 ವ್ಯಾಟ್, ತಿಂಗಳಿಗೆ 18 ಯೂನಿಟ್. ಉಳಿದ ಯೂನಿಟ್‌ನಲ್ಲಿ ಅಂಥದೇ ಇನ್ನೊಂದು ಫ್ಯಾನ್, ಎರಡು ಬಲ್ಬು, ಮೊಬೈಲ್ ಚಾರ್ಜು ಎಲ್ಲ ಆಗುತ್ತದೆ. ಆದರೆ ಆ ಫ್ಯಾನಿನ ಬೆಲೆ ಎರಡೂವರೆ, ಮೂರು ಸಾವಿರ. ದಿನಗೂಲಿಯವರು ಅದನ್ನು ಎಲ್ಲಿಂದ ತರಬೇಕು?

ಇಷ್ಟಕ್ಕೂ ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ. ಮೈಮೇಲಿನ ಬೆವರನ್ನು ಆರಿಸುತ್ತದೆ, ಅದರಿಂದ ನಮಗೆ ತಂಪು. ನಮ್ಮ ಚರ್ಮ ಸುಮಾರು 35 ಡಿಗ್ರಿಯಲ್ಲಿರುತ್ತದೆ. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾದರೆ ಫ್ಯಾನ್ ಬಿಸಿಯನ್ನೇ ಮೈಗೆ ತಂದು ಸುರಿಯುತ್ತದೆ. ಬೆವರು ಸಾಕಷ್ಟು ಇರುವವರೆಗೆ ಲಾಭ, ಆಮೇಲೆ ನಷ್ಟ. 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಬೇಡ ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಯಸ್ಸಾದವರಿಗೆ ಬೆವರುವುದೂ ಕಡಿಮೆ, ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಒದ್ದೆ ಬಟ್ಟೆ ಹೊದ್ದು ಫ್ಯಾನ್ ಕೆಳಗೆ ಮಲಗುವ ಅಜ್ಜಿ ತನಗೆ ಗೊತ್ತಿಲ್ಲದೆಯೇ ಸರಿಯಾದ ಭೌತಶಾಸ್ತ್ರ ಮಾಡುತ್ತಿದ್ದಾಳೆ.

ಹಾಗಾದರೆ ಕೈ ಹಾಕಬೇಕಾದ್ದು ಎಲ್ಲಿ? ಮಾಳಿಗೆಗೆ, ಅಂದರೆ ತಲೆಯ ಮೇಲಿನ ಸೂರಿಗೆ. ನಡುಹಗಲಿನ ಸೂರ್ಯ ಒಂದು ಚದರ ಮೀಟರ್ ಮೇಲೆ ಸುಮಾರು 1000 ವ್ಯಾಟ್ ಸುರಿಯುತ್ತಾನೆ. ಹತ್ತಕ್ಕೆ ಹತ್ತು ಅಡಿಯ ಖೋಲಿ ಅಂದರೆ 9 ಚದರ ಮೀಟರ್ ಚಿಲ್ಲರೆ, 9 ಕಿಲೋವ್ಯಾಟ್. ತುಕ್ಕು ಹಿಡಿದ ತಗಡು ಇದರಲ್ಲಿ ಮೂರರಲ್ಲಿ ಎರಡು ಪಾಲು ನುಂಗುತ್ತದೆ. ಒಂದಷ್ಟು ಹೊರಗಿನ ಗಾಳಿಗೆ ಹೋದರೂ ತಗಡು 60 ಡಿಗ್ರಿ ದಾಟುವುದು ಸಾಮಾನ್ಯ. ಆ ಬಿಸಿ ಕೆಳಗಿರುವವರ ಮೇಲೆ ನೇರ ಕಿರಣವಾಗಿ ಬೀಳುತ್ತದೆ. ಕಾದ ಹಂಚನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಕೂತ ಹಾಗೆ. ಇದರ ಎದುರು 75 ವ್ಯಾಟಿನ ಫ್ಯಾನ್ ಏನು ಮಾಡೀತು?

ಹೊಸ ತಗಡು ಫಳಫಳ ಹೊಳೆಯುತ್ತದಲ್ಲ, ಅದು ಬಿಸಿಲನ್ನು ವಾಪಸ್ ಕಳಿಸುವುದಿಲ್ಲವಾ? ಕಳಿಸುತ್ತದೆ. ಆದರೆ ಹೊಳೆಯುವ ಲೋಹಕ್ಕೆ ಒಂದು ದೋಷವಿದೆ: ನುಂಗಿದ ಬಿಸಿಯನ್ನು ಕಿರಣವಾಗಿ ಆಕಾಶಕ್ಕೆ ಬಿಟ್ಟುಕೊಡುವುದರಲ್ಲಿ ಅದು ಭಾರಿ ಜಿಪುಣ. ಬಿಳಿ ಬಣ್ಣಕ್ಕೂ ಸುಣ್ಣಕ್ಕೂ ಎರಡು ಗುಣವೂ ಉಂಟು. ಬಿಸಿಲಿನ ಮೂರರಲ್ಲಿ ಎರಡು ಪಾಲಿಗೂ ಜಾಸ್ತಿ ವಾಪಸ್ ಕಳಿಸುತ್ತದೆ, ಒಳಗೆ ಸೇರಿದ್ದನ್ನೂ ಸಲೀಸಾಗಿ ಹೊರಗೆ ಬಿಡುತ್ತದೆ. ಖೋಲಿಯೊಳಗೆ 2ರಿಂದ 5 ಡಿಗ್ರಿ ಇಳಿಯುತ್ತದೆ. ಕೇಳಲು ಚಿಕ್ಕದು. 41 ಡಿಗ್ರಿ 37 ಆದರೆ ಅದೇ ಹಳೇ ಫ್ಯಾನ್ ಮತ್ತೆ ಕೆಲಸಕ್ಕೆ ಬರುತ್ತದೆ.

ಎಲ್ಲ ಮಾಳಿಗೆಗೂ ಒಂದೇ ಮದ್ದು ನಡೆಯುವುದಿಲ್ಲ. ಶಹಾಬಾದಿ ಪರಸಿ (ಚಪ್ಪಡಿ ಕಲ್ಲು) ಹಾಸಿದ ಮಾಳಿಗೆ, ಆರ್‌ಸಿಸಿ ಮಾಳಿಗೆ ಹಗಲೆಲ್ಲ ಬಿಸಿ ಕುಡಿದು ರಾತ್ರಿ ಒಳಗೆ ಬಿಡುತ್ತವೆ. ರಾತ್ರಿ ಹತ್ತಕ್ಕೆ ಒಳಗಿನಿಂದ ಕೈ ಇಟ್ಟರೂ ಬೆಚ್ಚಗಿರುತ್ತದೆ. ಇವಕ್ಕೆ ಸುಣ್ಣ ಚೆನ್ನಾಗಿ ಹಿಡಿಯುತ್ತದೆ, ಒಂದು ಖೋಲಿಗೆ ಸುಣ್ಣ, ಅಂಟು ಸೇರಿ ಕೆಲವು ನೂರು ರೂಪಾಯಿ ಸಾಕು. ತಗಡಿನದು ಬೇರೆ ಕಥೆ. ಸೂರ್ಯ ಮುಳುಗಿದ ಮೇಲೆ ಬೇಗ ಆರುತ್ತದೆ, ಆದರೆ ಸುಣ್ಣ ನಿಲ್ಲುವುದಿಲ್ಲ, ಹೊಪ್ಪಳೆ ಎದ್ದು ಉದುರುತ್ತದೆ. ಅದಕ್ಕೆ ಬಿಳಿ ಪೇಂಟೇ ಬೇಕು, ಖರ್ಚು ಜಾಸ್ತಿ. ಹಳೆಯ ಮಣ್ಣಿನ ಮಾಳಿಗೆ ಮನೆಯವರಿಗೆ ಮಾತ್ರ ಈ ಯಾವ ತಲೆನೋವೂ ಇರಲಿಲ್ಲ. ಸುಣ್ಣದ ಕಲ್ಲಿನ ಮೇಲೆ ಕೂತ ಜಿಲ್ಲೆ ಇದು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ನಡೆಯುವುದೇ ಆ ಕಲ್ಲಿನಿಂದ. ಇಲ್ಲಿ ಸುಣ್ಣಕ್ಕೆ ಬರ ಅಂದರೆ ಯಾರೂ ನಂಬುವುದಿಲ್ಲ.

ಕರೆಂಟ್ ದರ ಪಾಲಿಕೆಯ ಕೈಯಲ್ಲಿಲ್ಲ. ದರ ಗೊತ್ತು ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಕರೆಂಟ್ ಹಂಚುವುದು ಜೆಸ್ಕಾಂ ಕಂಪನಿ, ಫ್ರೀ ಯೂನಿಟ್ ಸರ್ಕಾರದ ವಿಷಯ. ಮಾಳಿಗೆಗೆ ಮಾತ್ರ ಪಾಲಿಕೆ ಕೈ ಹಾಕಬಹುದು. ಅಹಮದಾಬಾದ್ ಪಾಲಿಕೆ ಮಾಡಿ ತೋರಿಸಿದೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಆ ಊರಲ್ಲಿ ಮಾಮೂಲಿಗಿಂತ 1,344 ಸಾವು ಜಾಸ್ತಿ ಆದವು. 2013ರಲ್ಲಿ ಅವರು ಬಿಸಿಲಿಗೆಂದೇ ಯೋಜನೆ ಮಾಡಿದರು, 2017ರಿಂದ ಕೊಳಗೇರಿಗಳ ಮಾಳಿಗೆಗೆ ಬಿಳಿ ಬಳಿಯಲು ಶುರು ಮಾಡಿದರು. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಮಾಳಿಗೆಗೆ ನೀತಿಯನ್ನೇ ತಂದಿತು. ನಮ್ಮ ಪಾಲಿಕೆಗೆ 55 ವಾರ್ಡ್ ಇವೆ. ಅನುದಾನದಲ್ಲಿ ಶೇ. 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ. 7.25 ಇತರ ಬಡವರಿಗೆ ಮೀಸಲು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿಯೂ ಇದೇ ಊರಲ್ಲಿದೆ. ದುಡ್ಡಿಗೆ ದಾರಿ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಗಂಟು ಮೀಟರಿನದು. ಒಂದು ವಠಾರ, ಐದು ಖೋಲಿ, ಒಂದೇ ಮೀಟರ್. ಪ್ರತಿ ಮನೆ 50 ಬಳಸಿದರೂ ಮೀಟರ್ ಮೇಲೆ 250. 200 ದಾಟಿದರೆ ಏನೂ ಫ್ರೀ ಇಲ್ಲ, ಪೂರಾ ಬಿಲ್ ಬಂತು. ಬಾಡಿಗೆಯವರು ಮಾಲೀಕನಿಗೆ ಅವನು ಹೇಳಿದ ದರ ಕೊಡುತ್ತಾರೆ. ನಿಯಮದಂತೆ ಬಾಡಿಗೆದಾರರಿಗೂ ಗೃಹಜ್ಯೋತಿ ಇದೆ, ಆದರೆ ಮೀಟರೇ ಬೇರೆ ಇಲ್ಲದಿದ್ದರೆ ಯಾವ ಆರ್‌ಆರ್ ನಂಬರಿಗೆ (ಕನೆಕ್ಷನ್ ನಂಬರಿಗೆ) ಅರ್ಜಿ ಹಾಕುವುದು? ಪಾಲಿಕೆ ವಾರ್ಡಿಗೊಂದು ಟೇಬಲ್ ಹಾಕಿ, ವಾಸದ ಪತ್ರ ಬರೆದುಕೊಟ್ಟು, ಜೆಸ್ಕಾಂನವರನ್ನು ಪಕ್ಕದಲ್ಲೇ ಕೂರಿಸಿದರೆ ಅರ್ಧ ಕೆಲಸ ಮುಗಿಯಿತು. ಸ್ಪೇನಿನ ಬಾರ್ಸಿಲೋನಾ ನಗರದಲ್ಲಿ ಇಂಥ ಸಲಹಾ ಕೇಂದ್ರಗಳಿವೆ. ಅಲ್ಲಿ 2015ರ ಕಾನೂನಿನಂತೆ ಬಿಲ್ ಬಾಕಿ ಇದ್ದರೂ ಕಂಪನಿಯವರು ಸುಮ್ನೆ ಬಂದು ಕನೆಕ್ಷನ್ ಕತ್ತರಿಸುವ ಹಾಗಿಲ್ಲ. ಮನೆಯವರ ಪರಿಸ್ಥಿತಿ ಏನು ಅಂತ ಮೊದಲು ಸ್ಥಳೀಯ ಸಮಾಜ ಸೇವಾ ವಿಭಾಗವನ್ನು ಕೇಳಬೇಕು.

ಒಲೆಯ ಮಾತು ಬಿಟ್ಟರೆ ಹೆಣ್ಣುಮಕ್ಕಳು ಬೈಯುತ್ತಾರೆ. ಕೇಂದ್ರದ ಉಜ್ವಲಾ ಯೋಜನೆ 2016ರಿಂದ ಗ್ಯಾಸ್ ಕನೆಕ್ಷನ್ ಕೊಟ್ಟಿತು, ಸಿಲಿಂಡರ್ ತುಂಬಿಸುವ ಖರ್ಚಿನ ದೊಡ್ಡ ಪಾಲು ಮನೆಯದೇ. ಜೋಳದ ರೊಟ್ಟಿ ಬಡಿದು ಮಾರುವ ಮನೆಗಳಲ್ಲಿ ತಾಸುಗಟ್ಟಲೆ ಒಲೆ ಉರಿಯುತ್ತದೆ. ಮೇಲೆ ತಗಡು, ಮುಂದೆ ಬೆಂಕಿ, ಜ್ವಾಲೆ ಅಲುಗಾಡಬಾರದು ಅಂತ ಫ್ಯಾನೂ ಬಂದ್. ಓಣಿಗೊಂದು ಎತ್ತರದ ಮಾಳಿಗೆಯ, ಹೊಗೆ ಕೊಳವೆ ಇರುವ ರೊಟ್ಟಿ ಶೆಡ್ ಕಟ್ಟಿಕೊಡುವುದು ಪಾಲಿಕೆಗೆ ದೊಡ್ಡ ಕೆಲಸವೇನಲ್ಲ.

ಕಷ್ಟ ಇರುವುದು ಕ್ಯಾಲೆಂಡರಿನಲ್ಲಿ. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಕ್ರಿಯಾ ಯೋಜನೆ, ಮಂಜೂರಿ, ಟೆಂಡರ್ ಅಂತ ಕಡತ ತಿರುಗಿ ಬರುವಷ್ಟರಲ್ಲಿ ಮುಂಗಾರು ಬಂದಿರುತ್ತದೆ, ಬಳಿದ ಸುಣ್ಣ ತೊಳೆದುಹೋಗುತ್ತದೆ. ದಸರೆ ಹೊತ್ತಿಗೆ ಮಂಜೂರಿ, ಸಂಕ್ರಾಂತಿಗೆ ಮನೆಗಳ ಪಟ್ಟಿ, ಶಿವರಾತ್ರಿಯಿಂದ ಹೋಳಿಯೊಳಗೆ ಬಳಿಯುವ ಕೆಲಸ ಅಂತ ಇಟ್ಟುಕೊಳ್ಳಬೇಕು. ಧೂಳಿಗೆ ಬಿಳಿ ಮಾಸುತ್ತದೆ, ಹಾಗಾಗಿ ಸುಣ್ಣದ ಕೆಲಸ ಪ್ರತಿ ವರ್ಷದ್ದು. ಮೊದಲ ವರ್ಷ ಬಳಿದ ಖೋಲಿಯಲ್ಲೊಂದು, ಪಕ್ಕದ ಬಳಿಯದ ಖೋಲಿಯಲ್ಲೊಂದು ಥರ್ಮಾಮೀಟರ್ ನೇತುಹಾಕಿ ಆಶಾ ಕಾರ್ಯಕರ್ತೆಯರಿಂದ ಮಧ್ಯಾಹ್ನ, ರಾತ್ರಿ ಬರೆಸಿಟ್ಟರೆ, ಎರಡನೇ ವರ್ಷದ ಕಡತಕ್ಕೆ ಆ ಹಾಳೆಯನ್ನೇ ಲಗತ್ತಿಸಬಹುದು.