ಪದ ಪರಿಚಯ: ಪ್ಲಾಟಿನಮ್ ನಿರೋಧಕ

'ನಿರೋಧಕ' ಎಂದೊಡನೆ ನಮಗೆ ನೆನಪಾಗುವುದು ರೋಗನಿರೋಧಕ ಶಕ್ತಿ. ದೇಹ ರೋಗವನ್ನು ತಡೆಯುತ್ತದೆ ಎಂಬ ಸಮಾಧಾನದ ಮಾತು. ಅಂಡಾಶಯದ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ 'ಪ್ಲಾಟಿನಮ್ ನಿರೋಧಕ'ದಲ್ಲಿ ಅರ್ಥ ತಿರುಗಿಬೀಳುತ್ತದೆ. ಇಲ್ಲಿ ತಡೆಯುತ್ತಿರುವುದು ಗೆಡ್ಡೆ, ತಡೆಸಿಕೊಳ್ಳುತ್ತಿರುವುದು ಔಷಧ.

ಔಷಧದಲ್ಲಿರುವುದು ಆಭರಣದ ಅಂಗಡಿಯ ಅದೇ ಲೋಹ. 1965ರಲ್ಲಿ ಅಮೆರಿಕದ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿರುವ ದ್ರಾವಣದಲ್ಲಿ ವಿದ್ಯುತ್ ಹಾಯಿಸಿದಾಗ ಅವು ಎರಡಾಗಿ ಒಡೆಯುವುದನ್ನು ಬಿಟ್ಟು ದಾರದಂತೆ ಉದ್ದವಾದವು. ಹಾಗೆ ಮಾಡಿದ್ದು ವಿದ್ಯುತ್ತಲ್ಲ, ವಿದ್ಯುದ್ವಾರದಿಂದ ಕರಗಿ ಬಂದ ಪ್ಲಾಟಿನಮ್. ಆ ಜಾಡು ಹಿಡಿದು ಬಂದ ಕ್ಯಾನ್ಸರ್ ಔಷಧ ಸಿಸ್‌ಪ್ಲಾಟಿನ್‌ಗೆ 1978ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈಗ ಅದರ ಬಂಧು ಕಾರ್ಬೋಪ್ಲಾಟಿನ್ ಅನ್ನು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧದ ಜೊತೆಗೆ ಕೊಡುವುದೇ ಹೆಚ್ಚು. ಅಂಡನಾಳದ ಮತ್ತು ಹೊಟ್ಟೆಯ ಒಳಪೊರೆಯ ಕ್ಯಾನ್ಸರ್‌ಗೂ ಬಹುಮಟ್ಟಿಗೆ ಇದೇ ಜೋಡಿ.

ಪ್ಲಾಟಿನಮ್ ಔಷಧದ ಕೊನೆಯ ಡ್ರಿಪ್ ಮುಗಿದ 6 ತಿಂಗಳೊಳಗೆ ರೋಗ ಮರಳಿದರೆ ಅದು 'ನಿರೋಧಕ'. ಆ ಗಡಿ ದಾಟಿ ಮರಳಿದರೆ 'ಸಂವೇದಿ', ಅಂದರೆ ಅದೇ ಔಷಧಕ್ಕೆ ಮತ್ತೆ ಬಗ್ಗಬಹುದು. ಔಷಧ ನಡೆಯುತ್ತಿರುವಾಗಲೇ ರೋಗ ಬೆಳೆದರೆ ಅದಕ್ಕೆ ಬೇರೆಯೇ ಹೆಸರುಂಟು.

ಆರೇ ತಿಂಗಳು ಏಕೆ? ಸಂಶೋಧಕರು ಗೆರೆ ಎಳೆದದ್ದು ಅಲ್ಲಿ, ಅಷ್ಟೆ. 1991ರಲ್ಲಿ ಮಾರ್ಕ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕದಲ್ಲಿ ಪ್ಲಾಟಿನಮ್ ಇಲ್ಲದೆ 5ರಿಂದ 12 ತಿಂಗಳು ಕಳೆದವರಲ್ಲಿ ಎರಡನೆಯ ಸಲ ಔಷಧ ಹಿಡಿದದ್ದು ನೂರಕ್ಕೆ 27 ಮಂದಿಗೆ, ಎರಡು ವರ್ಷ ಮೀರಿದವರಲ್ಲಿ 59 ಮಂದಿಗೆ. ಇದು ನಿಧಾನವಾಗಿ ಏರುವ ಇಳಿಜಾರು, ಮೆಟ್ಟಿಲಲ್ಲ. ಆದರೆ ಕ್ಲಿನಿಕಲ್ ಪ್ರಯೋಗಕ್ಕೆ ಯಾರನ್ನು ಸೇರಿಸಿಕೊಳ್ಳಬೇಕು ಎಂದು ನಿರ್ಧರಿಸಲು ಇಳಿಜಾರು ಸಾಲದು, ಗೆರೆ ಬೇಕು.

ಗೆರೆ ಎಳೆದ ಮೇಲೆ ತಕರಾರೂ ಹುಟ್ಟಿತು. ಐದನೆಯ ತಿಂಗಳಲ್ಲೇ ಸ್ಕ್ಯಾನ್ ಮಾಡಿಸಿದ ಮಹಿಳೆ 'ನಿರೋಧಕ' ಎನಿಸಿಕೊಳ್ಳುತ್ತಾರೆ. ಅಂಥದೇ ಗೆಡ್ಡೆಯಿದ್ದು ಏಳನೆಯ ತಿಂಗಳಲ್ಲಿ ಮಾಡಿಸಿದವರು 'ಸಂವೇದಿ'ಯಾಗುತ್ತಾರೆ. ಗೆಡ್ಡೆಗೆ ಕ್ಯಾಲೆಂಡರ್ ಗೊತ್ತಿಲ್ಲ. 2015ರಲ್ಲಿ ಟೋಕಿಯೋದಲ್ಲಿ ಸೇರಿದ ತಜ್ಞರು ಈ ಹಣೆಪಟ್ಟಿಗಿಂತ ಔಷಧವಿಲ್ಲದೆ ಕಳೆದ ಅವಧಿಯನ್ನೇ ಬರೆದಿಡುವುದು ಮೇಲು ಎಂದರು. ನನಗೂ ಅದೇ ಸರಿ ಕಾಣುತ್ತದೆ. ಆದರೂ ಹಳೆಯ ಮಾತು ಕಡತಗಳಿಂದ ಹೋಗಿಲ್ಲ.

ಕೇಳಿದವರು 'ಇನ್ನು ಔಷಧವೇ ಇಲ್ಲ' ಎಂದು ತಿಳಿದು ಕುಗ್ಗುವುದುಂಟು. ಪದ ಹೇಳುವುದು ಪ್ಲಾಟಿನಮ್ ಒಂದರ ಮಾತನ್ನು. ಕೋಶಗಳ ಮೇಲೆ ಫೋಲೇಟ್ ಗ್ರಾಹಕ ಎಂಬ ಪ್ರೋಟೀನ್ ಹೇರಳವಾಗಿರುವ 'ನಿರೋಧಕ' ಗೆಡ್ಡೆಗಳ ಮೇಲೆ ನಡೆದ ಮಿರಾಸಾಲ್ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು: ರೂಢಿಯ ಕೀಮೋ ಪಡೆದವರ ಮಧ್ಯಾಂಕ ಬದುಕು (ಅರ್ಧದಷ್ಟು ಮಂದಿ ದಾಟಿದ ಅವಧಿ) 12.75 ತಿಂಗಳು, ಆ ಗ್ರಾಹಕವನ್ನೇ ಗುರಿಯಾಗಿಸುವ ಔಷಧ ಮಿರ್ವೆಟುಕ್ಸಿಮ್ಯಾಬ್ ಪಡೆದವರದು 16.46.