ಶಾಸಕರೇ ಜಡ್ಜ್ ಆಗೋದು ಹೇಗೆ?

ಓದುಗರ ಪ್ರಶ್ನೆ: ಹಳೇ ಅಮೆರಿಕದವರ ಪರಿಚಯ ಓದುವಾಗ 'ಮೊದಲು ಶಾಸಕ, ಆಮೇಲೆ ರಾಜ್ಯದ ನ್ಯಾಯಾಧೀಶ' ಅಂತ ಜಾಸ್ತಿ ಕಾಣುತ್ತದೆ. ಅದು ಹೇಗೆ ಸಾಧ್ಯ?

ಉತ್ತರ: ಎಷ್ಟೋ ರಾಜ್ಯಗಳಲ್ಲಿ ಜಡ್ಜ್‌ಗಳನ್ನು ಜನ ವೋಟು ಹಾಕಿ ಆರಿಸುತ್ತಿದ್ದರು. ಕೆಲವು ಕಡೆ ಶಾಸಕರೇ ಆರಿಸುತ್ತಿದ್ದರು. ದಕ್ಷಿಣ ಕೆರೊಲಿನಾದಲ್ಲಿ ಇವತ್ತಿಗೂ ಶಾಸಕರದ್ದೇ ಆಯ್ಕೆ. ಸದನದಲ್ಲಿ ಗೆಳೆಯರಿದ್ದವರಿಗೆ ಕೋರ್ಟಿನ ದಾರಿ ಹತ್ತಿರ, ಅಲ್ವಾ? ಆದರೆ ಸದನದ ಗಾಳಿ ತಿರುಗಿದರೆ ಕುರ್ಚಿಯೂ ಅಲುಗಾಡುತ್ತದೆ. ಜೊನಾಥನ್ ಜಾಸ್ಪರ್ ರೈಟ್ ಅವರ ಕತೆ ಇದೇ.

ರೈಟ್ ಕಪ್ಪು ಜನಾಂಗದವರು, 1840ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವರು. ಅಂತರ್ಯುದ್ಧ ಮುಗಿದ 1865ರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ಪಾಠ ಹೇಳಲು ದಕ್ಷಿಣ ಕೆರೊಲಿನಾದ ಬ್ಯೂಫರ್ಟ್‌ಗೆ ಹೋದರು. ಮರುವರ್ಷ ಊರಿಗೆ ಬಂದು ಪೆನ್ಸಿಲ್ವೇನಿಯಾದ ಮೊದಲ ಕಪ್ಪು ವಕೀಲರೆನಿಸಿದರು. ಮತ್ತೆ ಬ್ಯೂಫರ್ಟ್‌ಗೆ ಹೊರಟರು. 1868ರಲ್ಲಿ ಆ ರಾಜ್ಯದ ಹೊಸ ಸಂವಿಧಾನ ಬರೆದ ಸಭೆಯಲ್ಲಿ ಕೂತರು, ಅದೇ ವರ್ಷ ರಾಜ್ಯದ ಸೆನೆಟರ್, ಅಂದರೆ ಮೇಲ್ಮನೆ ಶಾಸಕರಾದರು. 1870ರಲ್ಲಿ ಮೂವರು ಜಡ್ಜ್‌ಗಳ ರಾಜ್ಯ ಸುಪ್ರೀಂ ಕೋರ್ಟಿನಲ್ಲಿ ಒಂದು ಜಾಗ ಖಾಲಿಯಾಯಿತು. ಶಾಸಕರು ಅವರನ್ನು ಆರಿಸಿದರು. ಆಗ ವಯಸ್ಸು ಇನ್ನೂ ಮೂವತ್ತರ ಆಸುಪಾಸು! ಅಮೆರಿಕದ ಯಾವುದೇ ರಾಜ್ಯದ ಸುಪ್ರೀಂ ಕೋರ್ಟಿಗೆ ಅವರೇ ಮೊದಲ ಕಪ್ಪು ನ್ಯಾಯಾಧೀಶ.

ಪೇಚು ಶುರುವಾಗಿದ್ದು 1876ರ ಚುನಾವಣೆಯ ನಂತರ. ಆಗಿನ ಗವರ್ನರ್, ರಿಪಬ್ಲಿಕನ್ ಪಕ್ಷದ ಚೇಂಬರ್ಲೇನ್, ಎದುರಾಳಿ ಡೆಮಾಕ್ರಟಿಕ್ ಪಕ್ಷದ ಹ್ಯಾಂಪ್ಟನ್ ಇಬ್ಬರೂ 'ನಾನೇ ಗವರ್ನರ್' ಅಂದರು. ಹ್ಯಾಂಪ್ಟನ್ ಒಬ್ಬ ಕೈದಿಗೆ ಕ್ಷಮಾದಾನ ಕೊಟ್ಟರು. ಅದು ಊರ್ಜಿತವಾಗುತ್ತದಾ ಅಂತ ಪ್ರಶ್ನೆ ಕೋರ್ಟಿಗೆ ಬಂತು. ಕೇಸು ಕೈದಿಯದ್ದು, ಆದರೆ ತೀರ್ಮಾನವಾಗಬೇಕಿದ್ದದ್ದು ಗವರ್ನರ್ ಯಾರು ಅಂತ. 1877ರ ಫೆಬ್ರವರಿ ಕೊನೆಯಲ್ಲಿ ರೈಟ್, ಇನ್ನೊಬ್ಬ ಜಡ್ಜ್ ವಿಲ್ಲರ್ಡ್ ಜೊತೆ ಹ್ಯಾಂಪ್ಟನ್ ಪರ ಸಹಿ ಹಾಕಿದರು. ಎರಡೇ ದಿನದಲ್ಲಿ ಮನಸ್ಸು ಬದಲಾಯಿಸಿ ಸಹಿ ವಾಪಸ್ ಪಡೆಯಲು ಹೊರಟರು. ಪ್ರಯೋಜನವಾಗಲಿಲ್ಲ. ಕೈದಿಗೆ ಬಿಡುಗಡೆಯಾಯಿತು. ನನಗನ್ನಿಸುವಂತೆ ಈ ಹಿಂದೆಗೆತದಿಂದ ಅವರು ಎರಡೂ ಕಡೆ ಕೆಟ್ಟರು.

ಹ್ಯಾಂಪ್ಟನ್ ಪಕ್ಷದ ಕೈಗೆ ಸದನ ಬಂದ ಮೇಲೆ ರೈಟ್ ವಿರುದ್ಧ ವಾಗ್ದಂಡನೆಗೆ (ಸದನದಲ್ಲಿ ಆರೋಪ ಹೊರಿಸಿ ಹುದ್ದೆಯಿಂದ ಇಳಿಸಲು) ತಯಾರಿ ನಡೆಯಿತು. ಅವರು 1877ರಲ್ಲೇ ರಾಜೀನಾಮೆ ಕೊಟ್ಟರು. ಚಾರ್ಲ್‌ಸ್ಟನ್‌ನಲ್ಲಿ ವಕೀಲಿ ಮಾಡಿಕೊಂಡು, ಕ್ಲ್ಯಾಫ್ಲಿನ್ ಕಾಲೇಜಿನ ಪರವಾಗಿ ಕಾನೂನು ಪಾಠ ಹೇಳಿಕೊಂಡು ಇದ್ದರು. 1885ರಲ್ಲಿ ಕ್ಷಯರೋಗದಿಂದ ತೀರಿಕೊಂಡರು.

ಆ ಕೋರ್ಟಿಗೆ ಮತ್ತೊಬ್ಬ ಕಪ್ಪು ನ್ಯಾಯಾಧೀಶ ಬಂದದ್ದು 1985ರಲ್ಲಿ, ಅರ್ನೆಸ್ಟ್ ಫಿನ್ನಿ. ಅವರೂ ಮಾಜಿ ಶಾಸಕರೇ. ಓದಿದ್ದು ಕ್ಲ್ಯಾಫ್ಲಿನ್‌ನಲ್ಲಿ.